ಒಳಗೂ ಹೊರಗೂ ಒಂದೇ ಆದರೆ ಜೀವಕೋಶ ಉಳಿಯದು

ಈ ಸಲ ಬಂದ ಪತ್ರಗಳಲ್ಲಿ ಜೀವಕೋಶದ ಪೊರೆಯ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿವೆ. ಓದುವ ಮಕ್ಕಳು ಬರೆದಿದ್ದಾರೆ, ದಿನಾ ಮಾತ್ರೆ ತೆಗೆದುಕೊಳ್ಳುವ ಹಿರಿಯರೂ ಬರೆದಿದ್ದಾರೆ. ಯಾವ ಪ್ರಶ್ನೆ ತೆಗೆದುಕೊಂಡರೂ ಕೊನೆಗೆ ಅದೇ ಪೊರೆಯ ಹತ್ತಿರ ಬಂದು ನಿಲ್ಲುತ್ತದೆ, ಹಾಗಾಗಿ ಎಲ್ಲಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಮೊದಲನೆಯದು ಸ್ವಲ್ಪ ಉದ್ದವಾಗಿದೆ. ಅದನ್ನು ನಿಧಾನವಾಗಿ ಓದಿಕೊಂಡರೆ ಉಳಿದವು ಸಲೀಸು.

ಪ್ರಶ್ನೆ: ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ವಸ್ತುಗಳು ತಾವಾಗಿಯೇ ಹೋಗುತ್ತವೆ ಅಂತ ನಮ್ಮ ಪುಸ್ತಕದಲ್ಲಿದೆ. ಜೀವಕೋಶ ತನ್ನ ಒಳಗಿನ ಸಮತೋಲನ ಕಾಪಾಡುತ್ತದೆ ಅಂತಲೂ ಇದೆ. ಎಲ್ಲಾ ತಾನಾಗಿಯೇ ಸಮ ಆಗುವುದಾದರೆ ಕೋಶಕ್ಕೆ ಏನು ಕೆಲಸ ಸರ್?
– ಹತ್ತನೇ ತರಗತಿಯ ವಿದ್ಯಾರ್ಥಿನಿ

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯಮ್ಮ. ಎರಡೂ ಕಡೆ ಸಮ ಆಗುವುದು ಕೋಶಕ್ಕೆ ಬೇಕಾಗಿಲ್ಲ. ಹಾಗೆ ಆಗದಂತೆ ನೋಡಿಕೊಳ್ಳುವುದೇ ಅದರ ಕೆಲಸ.

ಲೆಕ್ಕ ನೋಡು. ನಮ್ಮ ರಕ್ತದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ (ಕಣಗಳನ್ನು ಎಣಿಸುವ ಒಂದು ಅಳತೆ) ಸೋಡಿಯಂ ಇರುತ್ತದೆ, ಆದರೆ ಕೋಶದ ಒಳಗೆ ಇರುವುದು ಹತ್ತೋ ಹದಿನೈದೋ ಅಷ್ಟೇ. ಪೊಟ್ಯಾಸಿಯಂ ಇದಕ್ಕೆ ಪೂರ್ತಿ ಉಲ್ಟಾ, ಹೊರಗೆ ಬರೀ ನಾಲ್ಕು, ಒಳಗೆ ಸುಮಾರು 140. ಕ್ಯಾಲ್ಸಿಯಂ ಅಂತೂ ಕೇಳಲೇಬೇಡ, ಕೋಶದ ಒಳಗಿನ ದ್ರವದಲ್ಲಿ ಇರುವುದಕ್ಕಿಂತ ಹೊರಗೆ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ. ಇಷ್ಟು ದೊಡ್ಡ ಅಂತರ ತಾನಾಗಿ ಹುಟ್ಟುವುದಿಲ್ಲ, ಹುಟ್ಟಿದರೂ ತಾನಾಗಿ ಉಳಿಯುವುದಿಲ್ಲ. ಪುಸ್ತಕ ಹೇಳುವುದು ಸರಿಯೇ, ಬಿಟ್ಟರೆ ಎಲ್ಲವೂ ಸಮ ಆಗಿಬಿಡುತ್ತದೆ. ಅದಕ್ಕೇ ಕೋಶ ಬಿಡುವುದಿಲ್ಲ.

ಹೇಗೆ ಬಿಡುವುದಿಲ್ಲ ಅಂತ 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಎಂಬ ವಿಜ್ಞಾನಿ ತೋರಿಸಿದರು. ಅವರು ಕೆಲಸ ಮಾಡಿದ್ದು ಏಡಿಯ ಕಾಲಿನ ನರಗಳ ಮೇಲೆ. ಆ ನರದ ಪೊರೆಯಲ್ಲಿ ಎಟಿಪಿಯನ್ನು, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣುವನ್ನು, ಒಡೆಯುವ ಒಂದು ಕಿಣ್ವ ಇತ್ತು, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದಾಗ ಅದು ಚುರುಕಾಗಿ ಕೆಲಸ ಮಾಡುತ್ತಿತ್ತು. ಇವತ್ತು ನಾವು ಸೋಡಿಯಂ-ಪೊಟ್ಯಾಸಿಯಂ ಪಂಪ್ ಅನ್ನುವುದು ಅದನ್ನೇ. ಒಂದು ಎಟಿಪಿ ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು (ವಿದ್ಯುದಂಶ ಇರುವ ಕಣಗಳನ್ನು) ಹೊರಗೆ ಹಾಕುತ್ತದೆ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಎರಡನ್ನೂ ಅವು ತಾವಾಗಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಸಾಗಿಸುತ್ತದೆ ಅನ್ನುವುದನ್ನು ಗಮನಿಸು. ಸ್ಕೌ ಅವರಿಗೆ ನೊಬೆಲ್ ಬಂದದ್ದು 1997ರಲ್ಲಿ, ಅಂದರೆ 40 ವರ್ಷ ಆದಮೇಲೆ.

ತೂತು ಬಿದ್ದ ದೋಣಿಯಲ್ಲಿ ಕೂತವನು ನೀರು ಎತ್ತಿ ಹೊರಗೆ ಚೆಲ್ಲುತ್ತಲೇ ಇರಬೇಕು, ಅಲ್ವಾ? ಇಲ್ಲೂ ಅಷ್ಟೇ. ಸೋಡಿಯಂ ಸೋರಿ ಒಳಗೆ ಬರುತ್ತಲೇ ಇರುತ್ತದೆ, ಪಂಪ್ ಹೊರಗೆ ಹಾಕುತ್ತಲೇ ಇರುತ್ತದೆ. ಬಂದದ್ದೆಷ್ಟೋ ಹೋದದ್ದೂ ಅಷ್ಟೇ ಆದ್ದರಿಂದ ಒಳಗಿನ ಲೆಕ್ಕ ಬದಲಾಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸಬಹುದು. ಆದರೆ ಇದರ ಖರ್ಚು ಸಣ್ಣದಲ್ಲ. ನೀನು ಸುಮ್ನೆ ಮಲಗಿದ್ದಾಗಲೂ ನಿನ್ನ ದೇಹ ಉಪಯೋಗಿಸುವ ಶಕ್ತಿಯಲ್ಲಿ ಸರಿಸುಮಾರು ಐದನೇ ಒಂದು ಪಾಲು ಈ ಒಂದು ಪಂಪಿಗೇ ಹೋಗುತ್ತದೆ, ಮಿದುಳಿನಲ್ಲಂತೂ ಅರ್ಧದಷ್ಟು. ನನಗೆ ಇಡೀ ಜೀವಶಾಸ್ತ್ರದಲ್ಲಿ ಇಷ್ಟು ಬೆರಗು ಹುಟ್ಟಿಸಿದ ಲೆಕ್ಕ ಇನ್ನೊಂದಿಲ್ಲ. ನಾವು ಊಟ ಮಾಡುವುದರಲ್ಲಿ ಒಂದು ಭಾಗ ಉಪ್ಪಿನ ಕಣಗಳನ್ನು ಅವು ಇರಬೇಕಾದ ಕಡೆ ಇಡುವುದಕ್ಕೇ ಖರ್ಚಾಗುತ್ತಿದೆ!

ಪಂಪ್ ನಿಂತರೆ ಏನಾಗುತ್ತದೆ? ಹೊರಗೆ ಹೋಗಲಾಗದ ಪ್ರೋಟೀನುಗಳು ಕೋಶದ ಒಳಗೆ ಬೇಕಾದಷ್ಟಿವೆ, ಅವು ನೀರನ್ನು ಎಳೆಯುತ್ತವೆ. ಸೋಡಿಯಂ ಹೊರಗೆ ಇರುವಷ್ಟು ದಿನ ಆ ಎಳೆತಕ್ಕೆ ಸರಿಸಾಟಿ ಇರುತ್ತದೆ. ಪಂಪ್ ನಿಂತಿತೋ, ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಹಿಂದೆ ಉಪ್ಪಿನ ಇನ್ನೊಂದು ಭಾಗವಾದ ಕ್ಲೋರೈಡ್, ಅವುಗಳ ಹಿಂದೆ ನೀರು. ಕೋಶ ಊದಿಕೊಳ್ಳುತ್ತದೆ. ಮಿದುಳಿಗೆ ರಕ್ತ ಹೋಗದೆ ಪಾರ್ಶ್ವವಾಯು ಆದಾಗ ಆ ಭಾಗದ ಕೋಶಗಳು ಊದಿಕೊಳ್ಳುವುದಕ್ಕೆ ಮೊದಲ ಕಾರಣ ಇದೇ: ಆಮ್ಲಜನಕ ಇಲ್ಲ, ಎಟಿಪಿ ಇಲ್ಲ, ಪಂಪ್ ಇಲ್ಲ. ಅದಕ್ಕೇ ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆ.

ಈ ಅಂತರ ಬರೀ ಕೋಶ ಊದದಂತೆ ತಡೆಯುವುದಕ್ಕೆ ಮಾತ್ರ ಅಂದುಕೊಳ್ಳಬೇಡ. ಅದು ಒಂದು ಉಳಿತಾಯವೂ ಹೌದು. ಹೊರಗೆ ಕೂಡಿಟ್ಟ ಸೋಡಿಯಂ ಒಳಗೆ ಬರಲು ಹಾತೊರೆಯುತ್ತಿರುತ್ತದೆ, ಆ ಒತ್ತಡವನ್ನು ಬಳಸಿಕೊಂಡೇ ನರಗಳು ಸಂದೇಶ ಕಳಿಸುತ್ತವೆ, ಕರುಳು ಸಕ್ಕರೆ ಹೀರುತ್ತದೆ, ಕಿಡ್ನಿ ಬೇಕಾದ್ದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಪೊರೆಗೆ ಕಣ್ಣಿಲ್ಲ, ಬುದ್ಧಿ ಇಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಸಣ್ಣದನ್ನು ಬಿಟ್ಟು ದೊಡ್ಡದನ್ನು ತಡೆಯುತ್ತದೆ ಅನ್ನುವುದು ನಿಜವೇ?
– ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಗಾತ್ರವೊಂದೇ ಆಗಿದ್ದರೆ ವಿಷಯ ಇಷ್ಟು ಸ್ವಾರಸ್ಯವಾಗಿ ಇರುತ್ತಿರಲಿಲ್ಲ ಮೇಷ್ಟ್ರೇ.

ಪೊರೆಯ ಬಹುಭಾಗ ಕೊಬ್ಬಿನ ಜಾತಿಯ ಅಣುಗಳು, ಎರಡು ಪದರವಾಗಿ ನಿಂತಿರುತ್ತವೆ. ನೀರನ್ನು ಇಷ್ಟಪಡುವ ತಲೆ ಹೊರಮುಖವಾಗಿ, ನೀರನ್ನು ದೂರ ಇಡುವ ಬಾಲ ಒಳಮುಖವಾಗಿ. ದಪ್ಪ ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಈ ಕೊಬ್ಬಿನಲ್ಲಿ ಕರಗಿ ಸಲೀಸಾಗಿ ದಾಟುತ್ತವೆ, ಅವಕ್ಕೆ ಯಾರ ಸಹಾಯವೂ ಬೇಡ. ಸೋಡಿಯಂ ಅಯಾನು ಗಾತ್ರದಲ್ಲಿ ಅವುಗಳಿಗಿಂತ ಚಿಕ್ಕದು, ಆದರೂ ದಾಟಲಾರದು. ಅದಕ್ಕೆ ವಿದ್ಯುದಂಶ ಇದೆ, ಸುತ್ತಲೂ ನೀರಿನ ಅಣುಗಳು ಅಂಟಿಕೊಂಡಿವೆ, ಆ ನೀರನ್ನು ಬಿಟ್ಟು ಕೊಬ್ಬಿನೊಳಗೆ ಹೋಗುವುದು ಅದಕ್ಕೆ ಬಹಳ ದುಬಾರಿ. ಇಂಥವುಗಳಿಗಾಗಿ ಪೊರೆಯಲ್ಲಿ ಪ್ರೋಟೀನುಗಳು ಹುದುಗಿಕೊಂಡಿವೆ. ಕೆಲವು ಚಾನೆಲ್‌ಗಳು, ಅಂದರೆ ನೇರ ದಾರಿಗಳು. ಕೆಲವು ವಾಹಕಗಳು, ಒಂದು ಕಡೆ ಹಿಡಿದುಕೊಂಡು ಆಕಾರ ಬದಲಿಸಿ ಇನ್ನೊಂದು ಕಡೆ ಬಿಡುತ್ತವೆ. ಇನ್ನು ಕೆಲವು ಪಂಪ್‌ಗಳು.

ಈಗ ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ. ಪೊಟ್ಯಾಸಿಯಂ ಚಾನೆಲ್ ಪೊಟ್ಯಾಸಿಯಂ ಅನ್ನು ಸೆಕೆಂಡಿಗೆ ಕೋಟಿಗಟ್ಟಲೆ ಬಿಡುತ್ತದೆ, ಆದರೆ ಅದಕ್ಕಿಂತ ಚಿಕ್ಕದಾದ ಸೋಡಿಯಂ ಅನ್ನು ಬಿಡುವುದೇ ಇಲ್ಲ ಅನ್ನಬಹುದು. ದೊಡ್ಡದು ದಾಟುತ್ತದೆ, ಚಿಕ್ಕದು ದಾಟುವುದಿಲ್ಲ! ಬಹಳ ಕಾಲ ಇದು ತಲೆ ಕೆಡಿಸಿದ ಸಂಗತಿ. 1998ರಲ್ಲಿ ರಾಡ್ರಿಕ್ ಮೆಕಿನನ್ ಅವರ ತಂಡ ಒಂದು ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್‌ನ ರಚನೆಯನ್ನು ಎಕ್ಸ್-ರೇ ಮೂಲಕ ಬಿಡಿಸಿ ತೋರಿಸಿತು. ಚಾನೆಲ್‌ನ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ಅವುಗಳ ನಡುವಿನ ಅಳತೆ ಪೊಟ್ಯಾಸಿಯಂಗೆ ಹೇಳಿ ಮಾಡಿಸಿದ ಹಾಗಿದೆ. ಪೊಟ್ಯಾಸಿಯಂ ತನ್ನ ಸುತ್ತಲಿನ ನೀರನ್ನು ಬಿಟ್ಟು ಒಳಗೆ ಬಂದಾಗ, ಆ ನೀರು ಕೊಡುತ್ತಿದ್ದ ಆಸರೆಯನ್ನೇ ಈ ಆಮ್ಲಜನಕಗಳು ಕೊಡುತ್ತವೆ. ಅದಕ್ಕೆ ನಷ್ಟವಿಲ್ಲ. ಸೋಡಿಯಂ ಚಿಕ್ಕದು, ಒಳಗೆ ಬಂದರೆ ಎಲ್ಲಾ ಆಮ್ಲಜನಕಗಳನ್ನೂ ಮುಟ್ಟಲಾರದು, ಹಾಗಾಗಿ ತನ್ನ ನೀರನ್ನು ಬಿಟ್ಟು ಬರುವುದೇ ಇಲ್ಲ. ಬುದ್ಧಿ ಎಲ್ಲಿಯೂ ಇಲ್ಲ ನೋಡಿ, ಇರುವುದು ಅಳತೆ ಮತ್ತು ಲಾಭನಷ್ಟ.

ನೀರಿನ ಕಥೆಯನ್ನೂ ಹೇಳಿಬಿಡುತ್ತೇನೆ. ನೀರು ಪೊರೆಯ ಮೂಲಕ ನಿಧಾನವಾಗಿ ಜಿನುಗುತ್ತದೆ ಅಂತ ಗೊತ್ತಿತ್ತು, ಆದರೆ ಕೆಂಪು ರಕ್ತಕಣ ಮತ್ತು ಕಿಡ್ನಿಯಲ್ಲಿ ಅದು ಹೋಗುವ ವೇಗಕ್ಕೆ ಬರೀ ಜಿನುಗುವಿಕೆ ಸಾಲುತ್ತಿರಲಿಲ್ಲ. ಪೀಟರ್ ಏಗ್ರೆ ಅವರ ತಂಡಕ್ಕೆ ಕೆಂಪು ರಕ್ತಕಣದಲ್ಲಿ ಕೆಲಸವೇನೆಂದು ಗೊತ್ತಿಲ್ಲದ ಒಂದು ಪ್ರೋಟೀನ್ ಸಿಕ್ಕಿತ್ತು. 1992ರಲ್ಲಿ ಅವರು ಕಪ್ಪೆಯ ಮೊಟ್ಟೆಕೋಶಗಳಲ್ಲಿ ಆ ಪ್ರೋಟೀನ್ ತಯಾರಾಗುವಂತೆ ಮಾಡಿ ಅವನ್ನು ತೆಳುವಾದ ದ್ರಾವಣಕ್ಕೆ ಹಾಕಿದರು. ಸಾಮಾನ್ಯ ಮೊಟ್ಟೆಕೋಶಗಳು ಹಾಗೇ ಇದ್ದವು. ಆ ಪ್ರೋಟೀನ್ ಇದ್ದವು ನೀರು ಕುಡಿದು ಊದಿ ಒಡೆದುಹೋದವು. ನೀರಿನ ಚಾನೆಲ್ ಸಿಕ್ಕಿದ್ದು ಹೀಗೆ, ಅದಕ್ಕೆ ಅಕ್ವಾಪೋರಿನ್ ಅಂತ ಹೆಸರು. ನೀರಿನ ಅಣುಗಳು ಇದರಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಓಡುತ್ತವೆ, ಆದರೆ ಹೈಡ್ರೋಜನ್ ಅಯಾನು ನುಸುಳಲು ಆಗುವುದಿಲ್ಲ. ಏಗ್ರೆ ಮತ್ತು ಮೆಕಿನನ್ ಇಬ್ಬರೂ 2003ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಪ್ರಶ್ನೆ: ಮಗುವಿಗೆ ಭೇದಿ ಆದಾಗ ಓಆರ್‌ಎಸ್ ಕೊಡಿ ಅನ್ನುತ್ತಾರೆ. ಹೋದದ್ದು ನೀರು ಮತ್ತು ಉಪ್ಪು ತಾನೇ? ಅದರಲ್ಲಿ ಸಕ್ಕರೆ ಯಾಕೆ ಬೇಕು? ರುಚಿಗೋ, ಶಕ್ತಿಗೋ?
– ಒಬ್ಬ ತಾಯಿ

ಉತ್ತರ: ಎರಡಕ್ಕೂ ಅಲ್ಲ ಅಮ್ಮಾ. ಸಕ್ಕರೆ ಇಲ್ಲದಿದ್ದರೆ ಆ ಉಪ್ಪು ಒಳಗೆ ಹೋಗುವುದೇ ಕಷ್ಟ. ಎಲ್ಲಾ ತಾಯಂದಿರಿಗೂ ಗೊತ್ತಿರಬೇಕಾದ ವಿಷಯ ಅಂತ ನನಗೆ ಅನ್ನಿಸುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಲರಾವನ್ನೇ ತೆಗೆದುಕೊಳ್ಳಿ. ಆ ರೋಗಾಣುವಿನ ವಿಷ ಕರುಳಿನ ಕೋಶಗಳಲ್ಲಿ ಕ್ಲೋರೈಡ್ ಹೊರಹೋಗುವ ಚಾನೆಲ್ ತೆರೆದೇ ಇರುವಂತೆ ಮಾಡುತ್ತದೆ. ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ, ಸೋಡಿಯಂ ಹಿಂದೆಯೇ ಹೋಗುತ್ತದೆ, ನೀರು ಎರಡರ ಬೆನ್ನು ಹತ್ತುತ್ತದೆ. ದಿನಕ್ಕೆ ಹತ್ತಾರು ಲೀಟರ್ ಹೋಗುವುದೂ ಉಂಟು. ಬರೀ ನೀರು ಕುಡಿಸಿದರೆ ಅದು ಸರಿಯಾಗಿ ಒಳಗೆ ಇಳಿಯುವುದಿಲ್ಲ, ಬರೀ ಉಪ್ಪುನೀರು ಕೊಟ್ಟರೂ ಅಷ್ಟೇ. ಆದರೆ ಅದೇ ಕೋಶಗಳ ಪೊರೆಯಲ್ಲಿ ಇನ್ನೊಂದು ವಾಹಕ ಇದೆ. ಅದು ಗ್ಲೂಕೋಸ್ ಒಂದನ್ನೇ ಎತ್ತುವುದಿಲ್ಲ, ಸೋಡಿಯಂ ಒಂದನ್ನೇ ಎತ್ತುವುದಿಲ್ಲ. ಎರಡು ಸೋಡಿಯಂ, ಒಂದು ಗ್ಲೂಕೋಸ್ ಒಟ್ಟಿಗೆ ಕೂತರೆ ಮಾತ್ರ ತಿರುಗುತ್ತದೆ. ಸೋಡಿಯಂ ಒಳಗೆ ಬರುವ ಒತ್ತಡದಲ್ಲೇ ಗ್ಲೂಕೋಸ್ ಕೂಡ ಒಳಗೆ ಬರುತ್ತದೆ, ಎರಡೂ ಬಂದ ಕಡೆಗೆ ನೀರು ಬರುತ್ತದೆ. ಕಾಲರಾದ ವಿಷ ಈ ವಾಹಕವನ್ನು ಮುಟ್ಟುವುದಿಲ್ಲ. ಎಂಥ ಅದೃಷ್ಟ ನೋಡಿ! ಸೋರಿಕೆ ನಿಲ್ಲಿಸಲು ಆಗದಿದ್ದರೂ ಇನ್ನೊಂದು ದಾರಿಯಲ್ಲಿ ತುಂಬಿಸಬಹುದು.

ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೊತೆಯಾಗಿ ಹೋಗುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ಮುಂದಿಟ್ಟರು. ಅದು ಜನರ ಜೀವ ಉಳಿಸಿದ್ದು ದೊಡ್ಡ ಪ್ರಮಾಣದಲ್ಲಿ ಕಂಡದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲುತ್ತಿರಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಅವರ ತಂಡ ಉಪ್ಪು ಮತ್ತು ಗ್ಲೂಕೋಸ್ ಅಳತೆ ಮಾಡಿ ಬೆರೆಸಿ ಕುಡಿಸಲು ಶುರುಮಾಡಿತು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಕಲಿಸಿತು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು.

ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆಯಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಗ್ಲೂಕೋಸ್ ಮತ್ತು ಸೋಡಿಯಂ ಅಣುಗಳ ಲೆಕ್ಕದಲ್ಲಿ ಸಮಸಮ. ಮಗು ಕುಡಿಯಲಿ ಅಂತ ಸಕ್ಕರೆ ಜಾಸ್ತಿ ಹಾಕಬೇಡಿ, ದಯವಿಟ್ಟು. ಹೆಚ್ಚಾದ ಸಕ್ಕರೆ ಕರುಳಿನೊಳಗೇ ಉಳಿದು ದೇಹದ ನೀರನ್ನು ತನ್ನ ಕಡೆಗೆ ಎಳೆಯುತ್ತದೆ, ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಸಿಹಿ ಪಾನೀಯಗಳು ಓಆರ್‌ಎಸ್‌ಗೆ ಬದಲಿ ಆಗಲಾರವು ಅನ್ನುವುದೂ ಇದೇ ಕಾರಣಕ್ಕೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಶುದ್ಧ ನೀರು ಹಾಕಿ. ಮಗು ಕುಡಿಯಲಾರದಷ್ಟು ಮಂಕಾಗಿದ್ದರೆ, ಮೂತ್ರ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಡ್ರಿಪ್ ಹಾಕುವಾಗ ಶುದ್ಧ ನೀರನ್ನೇ ಯಾಕೆ ಕೊಡಬಾರದು? ಉಪ್ಪು ಬೆರೆತ ನೀರೇ ಯಾಕೆ?
– ನರ್ಸಿಂಗ್ ಓದುತ್ತಿರುವವರು

ಉತ್ತರ: ಕೊಟ್ಟರೆ ರಕ್ತಕಣಗಳು ಒಡೆಯುತ್ತವೆ. ಕೆಂಪು ಕಣದ ಪೊರೆಯಲ್ಲಿ ಅಕ್ವಾಪೋರಿನ್‌ಗಳು ತುಂಬಿವೆ ಅಂತ ಮೇಲೆ ಹೇಳಿದೆನಲ್ಲ, ಹೊರಗಿನ ದ್ರವ ತೆಳುವಾದ ತಕ್ಷಣ ನೀರು ಒಳಗೆ ನುಗ್ಗುತ್ತದೆ. ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ. 0.9 ಶೇಕಡಾ ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು, ಕೋಶದ ಒಳಗಿನ ಸಾಂದ್ರತೆಗೆ ಸರಿಹೊಂದುತ್ತದೆ, ಹಾಗಾಗಿ ನೀರು ಯಾವ ಕಡೆಗೂ ಜಾಸ್ತಿ ಹರಿಯುವುದಿಲ್ಲ. 5 ಶೇಕಡಾ ಡೆಕ್ಸ್‌ಟ್ರೋಸ್ ಕೂಡ ಹಾಕುವ ಹೊತ್ತಿಗೆ ಹೀಗೇ ಸರಿಹೊಂದುತ್ತದೆ, ಆದರೆ ಕೋಶಗಳು ಆ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ನೀರು ಮಾತ್ರ. ಮಿದುಳು ಊದಿರುವ ರೋಗಿಗೆ ಅದನ್ನು ಕೊಡಲು ವೈದ್ಯರು ಹಿಂಜರಿಯುವುದು ಇದಕ್ಕೇ. ಬಾಟಲಿಯ ಮೇಲಿನ ಹೆಸರನ್ನು ಎರಡು ಸಲ ಓದುವ ಅಭ್ಯಾಸ ಈಗಿನಿಂದಲೇ ಇರಲಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ಹೊಸ ಮಾತ್ರೆ ಕೊಟ್ಟಿದ್ದಾರೆ, ಇದರಿಂದ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ ಅಂದರು. ಮೂತ್ರದಲ್ಲಿ ಸಕ್ಕರೆ ಹೋಗುವುದು ಕೆಟ್ಟದ್ದು ಅಂತಲ್ಲವೇ ಇಷ್ಟು ದಿನ ಹೇಳುತ್ತಿದ್ದುದು?
– ಹಿರಿಯ ಓದುಗರು

ಉತ್ತರ: ನಿಮ್ಮ ಗೊಂದಲ ಸಹಜವೇ. ಮೊದಲೆಲ್ಲ ಮೂತ್ರದಲ್ಲಿ ಸಕ್ಕರೆ ಕಂಡರೆ, ರಕ್ತದಲ್ಲಿ ಸಕ್ಕರೆ ಮಿತಿಮೀರಿ ತುಳುಕುತ್ತಿದೆ ಅಂತ ಅರ್ಥ ಆಗುತ್ತಿತ್ತು. ಈಗ ಮಾತ್ರೆಯೇ ಅದನ್ನು ಹೊರಗೆ ಬಿಡುತ್ತಿದೆ. ಎರಡೂ ಬೇರೆ ಬೇರೆ.

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ, ಅದರಲ್ಲಿ ಗ್ಲೂಕೋಸ್ ಕೂಡ ಇರುತ್ತದೆ. ಆರೋಗ್ಯವಂತರಲ್ಲಿ ಅಷ್ಟನ್ನೂ ವಾಪಸ್ ಹೀರಿಕೊಳ್ಳಲಾಗುತ್ತದೆ. ಹೀರುವುದು ಯಾರು? ಕರುಳಿನಲ್ಲಿ ನೋಡಿದೆವಲ್ಲ, ಸೋಡಿಯಂ ಜೊತೆ ಗ್ಲೂಕೋಸ್ ಎತ್ತುವ ವಾಹಕ, ಅದರ ಹತ್ತಿರದ ಸಂಬಂಧಿ. ಹೆಸರು ಎಸ್‌ಜಿಎಲ್‌ಟಿ2. ಹತ್ತರಲ್ಲಿ ಒಂಬತ್ತು ಪಾಲು ಗ್ಲೂಕೋಸ್ ಇದರ ಮೂಲಕವೇ ಹಿಂತಿರುಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳು ಇದನ್ನು ತಡೆಯುತ್ತವೆ, ಹಾಗಾಗಿ ಒಂದಿಷ್ಟು ಸಕ್ಕರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಹುಟ್ಟಿನಿಂದಲೇ ಈ ವಾಹಕ ಸರಿಯಿಲ್ಲದ ಕೆಲವರಿದ್ದಾರೆ, ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೂ ಅವರಲ್ಲಿ ಬಹುತೇಕರು ಆರೋಗ್ಯವಾಗಿಯೇ ಇರುತ್ತಾರೆ. ಸಕ್ಕರೆ ಇಳಿಸಲು ಬಂದ ಈ ಮಾತ್ರೆಗಳು ಹೃದಯ ವೈಫಲ್ಯ ಮತ್ತು ಕಿಡ್ನಿ ಕಾಯಿಲೆಯಲ್ಲೂ ಉಪಯೋಗಕ್ಕೆ ಬಂದಿವೆ.

ಒಂದೆರಡು ಎಚ್ಚರಿಕೆ. ಮೂತ್ರದಲ್ಲಿ ಸಕ್ಕರೆ ಇದ್ದರೆ ಜನನಾಂಗದ ಸುತ್ತ ಶಿಲೀಂಧ್ರದ ಸೋಂಕು ಬರಬಹುದು, ಸ್ವಚ್ಛತೆ ಇರಲಿ, ತುರಿಕೆ ಬಂದರೆ ಸಂಕೋಚ ಬಿಟ್ಟು ಹೇಳಿ. ವಾಂತಿ ಆಗುತ್ತಿದ್ದರೆ, ಊಟ ಸೇರದಿದ್ದರೆ, ಆಪರೇಷನ್‌ಗೆ ತಯಾರಾಗುತ್ತಿದ್ದರೆ ಈ ಮಾತ್ರೆ ಮುಂದುವರಿಸಬೇಕೇ ಅಂತ ವೈದ್ಯರನ್ನು ಕೇಳಲೇಬೇಕು, ಯಾಕೆಂದರೆ ಅಂಥ ಹೊತ್ತಿನಲ್ಲಿ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲಗಳು ರಕ್ತದಲ್ಲಿ ಏರುವ ಅಪಾಯ ಇದೆ.

ನಡಿಗೆ ಬಿಡಬೇಡಿ. ಸ್ನಾಯುಕೋಶಗಳ ಒಳಗೆ ಗ್ಲೂಕೋಸ್ ವಾಹಕಗಳು ಸಣ್ಣ ಸಣ್ಣ ಗುಳ್ಳೆಗಳಲ್ಲಿ ಕಾದು ಕೂತಿರುತ್ತವೆ. ಇನ್ಸುಲಿನ್ ಬಂದು ಹೇಳಿದಾಗ ಪೊರೆಗೆ ಬಂದು ಸೇರುತ್ತವೆ. ಸ್ನಾಯು ಕೆಲಸ ಮಾಡಿದಾಗಲೂ, ಇನ್ಸುಲಿನ್ ಮಾತು ಕೇಳದ ದೇಹದಲ್ಲೂ, ಅವು ಪೊರೆಗೆ ಬರುತ್ತವೆ.

ಪ್ರಶ್ನೆ: ಆಸಿಡಿಟಿ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಯಾಕೆ ತೆಗೆದುಕೊಳ್ಳಬೇಕು? ಊಟ ಆದಮೇಲೆ ತೆಗೆದುಕೊಂಡರೆ ಏನಾಗುತ್ತದೆ?
– ಒಬ್ಬ ಓದುಗರು

ಉತ್ತರ: ನೀವು ಹೇಳುತ್ತಿರುವುದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ ಅಂದುಕೊಳ್ಳುತ್ತೇನೆ. ಹೊಟ್ಟೆಯ ಗೋಡೆಯ ಕೋಶಗಳಲ್ಲಿ ಹೈಡ್ರೋಜನ್ ಅಯಾನುಗಳನ್ನು ಹೊರಗೆ ತಳ್ಳುವ ಪಂಪ್ ಇದೆ, ಸ್ಕೌ ಕಂಡುಕೊಂಡ ಪಂಪಿನ ಕುಟುಂಬದ್ದೇ. ಕೋಶದ ಒಳಗಿಗಿಂತ ಹೊರಗಿನ ಆಮ್ಲ ಹತ್ತು ಲಕ್ಷ ಪಟ್ಟು ಗಾಢವಾಗುವ ತನಕ ಅದು ತಳ್ಳಬಲ್ಲದು. ಹೊಟ್ಟೆ ಖಾಲಿ ಇದ್ದಾಗ ಈ ಪಂಪ್‌ಗಳಲ್ಲಿ ಬಹಳಷ್ಟು ಕೋಶದ ಒಳಗೆ ಸುಮ್ಮನಿರುತ್ತವೆ, ಊಟ ಶುರುವಾದಾಗ ಪೊರೆಗೆ ಬಂದು ಕೆಲಸಕ್ಕೆ ನಿಲ್ಲುತ್ತವೆ. ಮಾತ್ರೆಯ ಔಷಧಿ ಕೆಲಸ ಮಾಡುತ್ತಿರುವ ಪಂಪ್‌ಗಳನ್ನು ಮಾತ್ರ ಹಿಡಿಯಬಲ್ಲದು, ಅದೂ ಆಮ್ಲ ಇರುವ ಜಾಗದಲ್ಲಷ್ಟೇ ಚುರುಕಾಗುತ್ತದೆ. ಅರ್ಧ ಗಂಟೆ ಮೊದಲು ನುಂಗಿದರೆ, ಪಂಪ್‌ಗಳು ಪೊರೆಗೆ ಬರುವ ಹೊತ್ತಿಗೆ ಔಷಧಿ ರಕ್ತದಲ್ಲಿ ತಯಾರಾಗಿರುತ್ತದೆ. ಊಟದ ನಂತರ ತೆಗೆದುಕೊಂಡರೆ ಅಪಾಯ ಇಲ್ಲ, ಆದರೆ ಫಲ ಕಡಿಮೆ. ವರ್ಷಗಟ್ಟಲೆ ವೈದ್ಯರನ್ನು ಕೇಳದೆ ನುಂಗುವುದು ಮಾತ್ರ ಬೇಡ.

ಪ್ರಶ್ನೆ: ಲ್ಯಾಬಿನಲ್ಲಿ ಕೆಂಪು ಈರುಳ್ಳಿಯ ಸಿಪ್ಪೆಯ ಪದರವನ್ನು ಉಪ್ಪುನೀರಿಗೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಬಣ್ಣದ ಭಾಗ ಗೋಡೆಯಿಂದ ಬಿಟ್ಟು ಕುಗ್ಗಿತು. ನೀರಿಗೆ ಹಾಕಿದಾಗ ಮತ್ತೆ ಮೊದಲಿನಂತಾಯಿತು. ಮಾರನೇ ದಿನದವರೆಗೂ ಉಪ್ಪುನೀರಲ್ಲೇ ಬಿಟ್ಟದ್ದು ಮಾತ್ರ ಸರಿಹೋಗಲಿಲ್ಲ, ಬಣ್ಣವೂ ಸೋರಿತ್ತು. ಯಾಕೆ?
– ಒಂಬತ್ತನೇ ತರಗತಿಯ ಗೆಳೆಯರು

ಉತ್ತರ: ಭೇಷ್, ಮಾರನೇ ದಿನವೂ ನೋಡಿದಿರಲ್ಲ! ಮೊದಲು ಕುಗ್ಗಿದ್ದು ಆಸ್ಮಾಸಿಸ್‌ನಿಂದ. ಹೊರಗೆ ಉಪ್ಪು ಜಾಸ್ತಿ, ಪೊರೆ ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ, ನೀರನ್ನು ಬಿಡುತ್ತದೆ. ಹಾಗಾಗಿ ನೀರು ಹೊರಗೆ ಹೋಯಿತು, ಪೊರೆ ಗೋಡೆಯಿಂದ ಬಿಟ್ಟುಕೊಂಡಿತು. ಮತ್ತೆ ನೀರಿಗೆ ಹಾಕಿದಾಗ ಅದೇ ದಾರಿಯಲ್ಲಿ ವಾಪಸ್ ಬಂತು. ಮತ್ತೆ ಹಿಗ್ಗಿದಾಗ ಒಡೆಯಲಿಲ್ಲ, ಯಾಕೆಂದರೆ ಸಸ್ಯಕೋಶಕ್ಕೆ ಗಟ್ಟಿ ಗೋಡೆ ಇದೆ, ರಕ್ತಕಣಕ್ಕೆ ಅದಿಲ್ಲ. ಇಡೀ ರಾತ್ರಿ ಉಪ್ಪಿನಲ್ಲಿದ್ದ ಕೋಶಗಳು ಸತ್ತವು, ಪೊರೆ ಹಾಳಾಯಿತು, ಒಳಗಿನ ಬಣ್ಣ ಹೊರಗೆ ಬಂತು.

ಮುಂದಿನ ಸಲ ಇನ್ನೊಂದು ಮಾಡಿ ನೋಡಿ. ಒಂದು ತುಂಡನ್ನು ಮೊದಲೇ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟು, ಆಮೇಲೆ ಉಪ್ಪುನೀರಿಗೆ ಹಾಕಿ. ಅದು ಕುಗ್ಗುವುದಿಲ್ಲ. ಉಪ್ಪನ್ನು ತಡೆಯುವ ಪೊರೆಯೇ ಅಲ್ಲಿ ಉಳಿದಿರುವುದಿಲ್ಲ, ಹಾಗಾಗಿ ಉಪ್ಪೂ ನೀರೂ ಸುಮ್ನೆ ಒಳಗೆ ಹೊರಗೆ ಓಡಾಡುತ್ತವೆ. ಬಿಸಿನೀರಿನ ಕೆಲಸವನ್ನು ಟೀಚರ್ ಎದುರಲ್ಲೇ ಮಾಡಿ. ಎರಡೂ ತುಂಡುಗಳ ಚಿತ್ರ ಬರೆದು ಕಳಿಸಿದರೆ ಇದೇ ಅಂಕಣದಲ್ಲಿ ಹಾಕುತ್ತೇನೆ.